ಹಳೆಯ ಮದ್ದು, ಹೊಸ ಬೇನೆ: ಚಳಿಜ್ವರದ ಮಾತ್ರೆಯೂ ಬಾಯಿಯ ಬಹುಕಾಲದ ಉರಿಯೂತವೂ



ವಿದ್ಯಾ ಇಲಾಖೆಯವರು ಒಂದೇ ಶೈಕ್ಷಣಿಕ ಜಿಲ್ಲೆಯಾಗಿ ಎಣಿಸುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ಈ ನಾಲ್ಕು ತಾಲ್ಲೂಕುಗಳನ್ನು ಪ್ರಕೃತಿಯೂ ಬಹುಮಟ್ಟಿಗೆ ಒಂದಾಗಿಯೇ ಎಣಿಸಿದಂತೆ ತೋರುತ್ತದೆ. ಬೋಳುಬಂಡೆಯ ಬೆಟ್ಟಗಳು, ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ ಮಧುಗಿರಿಗಳ ಸೀಮೆಯನ್ನು ಹಾದುಹೋಗುವ ಜಯಮಂಗಲಿ, ರಾಗಿ, ಕಡಲೆಕಾಯಿ, ಹುಣಸೆ, ಮೂರು ವರ್ಷಕ್ಕೊಮ್ಮೆ ತುಂಬಿ ಉಳಿದ ವರ್ಷಗಳಲ್ಲಿ ಬಿರಿದು ನಿಲ್ಲುವ ಕೆರೆಗಳು, ಇವೇ ಇಲ್ಲಿಯ ಬಾಳಿನ ಚೌಕಟ್ಟು. ಮಳೆ ಬಂದ ವರ್ಷ ಕೆರೆಯ ಕೆಳಗೆ ಭತ್ತವನ್ನೂ, ಭತ್ತದೊಡನೆ ಸೊಳ್ಳೆಯನ್ನೂ, ಸೊಳ್ಳೆಯೊಡನೆ ಚಳಿಜ್ವರವನ್ನೂ ಬೆಳೆದ ಸೀಮೆ ಇದಾಗಿರುವುದರಿಂದ, ಮಲೇರಿಯಾದ ಔಷಧವನ್ನು ಕುರಿತು ಇಲ್ಲಿ ಮಾತನಾಡುವುದು ಅಪ್ರಸ್ತುತವೆಂದು ಯಾರೂ ಭಾವಿಸಲಾರರು. ಆದರೆ ನಾನಿಂದು ಹೇಳಹೊರಟಿರುವುದು ಆ ಔಷಧವು ತನ್ನ ಪೂರ್ವಾಶ್ರಮವನ್ನು ಬಿಟ್ಟು, ಚಳಿಜ್ವರಕ್ಕೆ ಯಾವ ಸಂಬಂಧವೂ ಇಲ್ಲದ ಬಾಯಿಯ ಒಂದು ದೀರ್ಘಕಾಲಿಕ ಉರಿಯೂತಕ್ಕೆ ಚಿಕಿತ್ಸೆಯಾಗಿ ಬಂದ ವೃತ್ತಾಂತವನ್ನು. ಮತ್ತು ಹಾಗೆ ಬಂದ ಮದ್ದನ್ನು ನಾವು ಯಾವ ಷರತ್ತುಗಳ ಮೇಲೆ ಸ್ವಾಗತಿಸಬೇಕೆಂಬುದನ್ನು.

1

ಬಾಯಿಯ ರೋಗವೆಂದೊಡನೆ ನಮ್ಮ ಜನ ಹಲ್ಲನ್ನು ನೆನೆಯುತ್ತಾರೆ. ಪಾವಗಡದಲ್ಲಂತೂ ಕೊಳವೆಬಾವಿಯ ನೀರಿನಲ್ಲಿರುವ ಫ್ಲೋರೈಡು ಮಕ್ಕಳ ಹಲ್ಲುಗಳ ಮೇಲೆ ಕಂದುಕಲೆಯನ್ನು ಮೂಡಿಸಿಬಿಡುವುದರಿಂದ, ನೋಡುವವರ ದೃಷ್ಟಿ ಹಲ್ಲಿನಲ್ಲಿಯೇ ನಿಂತು, ಅದರ ಹಿಂದಿರುವ ಕೆನ್ನೆಯ ಒಳಮೈಯವರೆಗೆ ಹೋಗುವುದೇ ಅಪರೂಪ. ಅಲ್ಲಿ, ಎರಡು ಕೆನ್ನೆಗಳ ಲೋಳೆಪೊರೆಯಲ್ಲಿ, ಕೆಲವೊಮ್ಮೆ ನಾಲಗೆಯ ಅಂಚಿನಲ್ಲಿಯೂ ವಸಡಿನಲ್ಲಿಯೂ, ಬೆಳ್ಳನೆಯ ಸಣ್ಣ ಗೆರೆಗಳು ಬಲೆಯಂತೆ ಹೆಣೆದುಕೊಂಡು, ನಡುನಡುವೆ ಕೆಂಪೇರಿ, ಮೇಲ್ಪದರ ಕಿತ್ತುಬಂದು ಹುಣ್ಣಾಗುವ ಒಂದು ವ್ಯಾಧಿಯುಂಟು. ವೈದ್ಯರು ಅದನ್ನು ಲೈಕನ್ ಪ್ಲೇನಸ್ ಎನ್ನುತ್ತಾರೆ. ಚರ್ಮದಲ್ಲಿಯೂ ಬಾಯಿಯಲ್ಲಿಯೂ ಕಾಣಿಸಿಕೊಳ್ಳುವ ಈ ರೋಗಕ್ಕೆ 1869ರಲ್ಲಿ ಲಂಡನ್ನಿನ ಎರಾಸ್ಮಸ್ ವಿಲ್ಸನ್ ಹೆಸರಿಟ್ಟನು. ಅದರ ಬಿಳಿಗೆರೆಗಳನ್ನು 1895ರಲ್ಲಿ ಪ್ಯಾರಿಸ್ಸಿನ ವಿಕ್‌ಹ್ಯಾಮ್ ವರ್ಣಿಸಿದನು. ನಡುವಯಸ್ಸು ದಾಟಿದವರಲ್ಲಿ, ಅವರಲ್ಲಿಯೂ ಹೆಂಗಸರಲ್ಲಿ, ಇದು ಹೆಚ್ಚು.

ಬಿಳಿಗೆರೆಗಳು ಮಾತ್ರ ಇರುವಷ್ಟು ದಿನ ರೋಗಿಗೆ ತನ್ನ ಬಾಯಿಯಲ್ಲಿ ಏನೋ ಇದೆಯೆಂಬುದೇ ತಿಳಿಯದಿರಬಹುದು. ಹುಣ್ಣಾದ ಮೇಲಿನ ಕಥೆ ಬೇರೆ. ಮುದ್ದೆಯನ್ನು ಖಾರದ ಸಾರಿನಲ್ಲಿ ಅದ್ದಿ ನುಂಗುವುದೇ ಊಟವಾಗಿರುವ ನಾಡಿನಲ್ಲಿ, ಸಾರು ತಾಕಿದೊಡನೆ ಬಾಯೆಲ್ಲ ಬೆಂದಂತಾಗುವ ಹೆಂಗಸು ಮೊದಲು ಖಾರವನ್ನು ಬಿಡುತ್ತಾಳೆ, ಆಮೇಲೆ ಹುಳಿಯನ್ನು, ಆಮೇಲೆ ಉಪ್ಪನ್ನು. ಕಡೆಗೆ ಎಲ್ಲರಿಗಾಗಿ ಸಾರು ಮಾಡಿಟ್ಟು ತಾನು ಮಜ್ಜಿಗೆಯಲ್ಲಿ ಮುದ್ದೆ ನುಂಗುವುದು ಮನೆಯವರಿಗೂ ರೂಢಿಯಾಗಿಬಿಡುತ್ತದೆ. ಉಷ್ಣವಾಗಿದೆಯೆಂದು ಬೆಣ್ಣೆ ಹಚ್ಚುವುದು, ಎಳನೀರು ಕುಡಿಯುವುದು, ಮೆಡಿಕಲ್ ಸ್ಟೋರಿನಿಂದ ಬಿ ಕಾಂಪ್ಲೆಕ್ಸ್ ಮಾತ್ರೆ ತರಿಸುವುದು, ಈ ಕ್ರಮದಲ್ಲಿ ತಿಂಗಳುಗಳೇಕೆ, ವರ್ಷಗಳೇ ಸಂದುಹೋಗುತ್ತವೆ.

ಈ ರೋಗವು ಅಂಟುವಂಥದಲ್ಲ. ಶರೀರವನ್ನು ಕಾಯಬೇಕಾದ ಬಿಳಿಯ ರಕ್ತಕಣಗಳಲ್ಲಿ ಒಂದು ವರ್ಗದವು, ಲೋಳೆಪೊರೆಯ ತಳದ ಜೀವಕೋಶಗಳನ್ನೇ ಪರಕೀಯವೆಂದು ಬಗೆದು ಅವುಗಳ ಮೇಲೆ ಬೀಳುವುದರಿಂದ ಇದು ಹುಟ್ಟುತ್ತದೆ. ಹೀಗೆ ಬಗೆಯಲು ಕಾರಣವೇನೆಂಬುದು ಪೂರ್ಣವಾಗಿ ಗೊತ್ತಾಗಿಲ್ಲ. ಬರುತ್ತದೆ, ತಗ್ಗುತ್ತದೆ, ಮತ್ತೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಮುಂದೆ ಕ್ಯಾನ್ಸರಿಗೆ ತಿರುಗುವ ಸಂಭವವುಳ್ಳ ರೋಗಗಳ ಸಾಲಿನಲ್ಲಿರಿಸಿದೆ. ಸಂಭವವು ದೊಡ್ಡದಲ್ಲ, ನೂರರಲ್ಲಿ ಒಬ್ಬರ ಆಸುಪಾಸು. ನಮ್ಮ ದೇಶದ 722 ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ 1986ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಹಾಗೆ ತಿರುಗಿದ್ದು 3 ಮಂದಿಯಲ್ಲಿ. ಹೆದರಿಕೆಗೆ ಇಷ್ಟು ಸಾಲದು. ಉದಾಸೀನಕ್ಕೂ ಇದು ಅವಕಾಶ ಕೊಡದು.

ಚಿಕಿತ್ಸೆಯ ಮೊದಲ ಮೆಟ್ಟಿಲು ಸ್ಟಿರಾಯ್ಡಿನ ಲೇಪ. ಟ್ರಯಾಮ್ಸಿನೊಲೋನ್ ಮುಲಾಮನ್ನು ಹುಣ್ಣಿನ ಮೇಲೆ ಹಚ್ಚಿದರೆ ಬಹುಮಂದಿಗೆ ಉರಿ ಶಮನವಾಗುತ್ತದೆ. ಆದರೆ ಲಾಲಾರಸ ಹರಿಯುವ ಕಡೆಯಲ್ಲಿ ಲೇಪ ನಿಲ್ಲುವುದು ಕಷ್ಟ. ಬಹುದಿನ ಹಚ್ಚಿದರೆ ಬಾಯಿಯಲ್ಲಿ ಬೂಸ್ಟು ಬೆಳೆಯುತ್ತದೆ. ಕೆಲವರಲ್ಲಿ ಎಷ್ಟು ಹಚ್ಚಿದರೂ ಹುಣ್ಣು ಮಾಸುವುದಿಲ್ಲ. ಸ್ಟಿರಾಯ್ಡನ್ನು ನುಂಗಿಸಿದರೆ ಸಕ್ಕರೆ ರೋಗ, ರಕ್ತದೊತ್ತಡ, ಮೂಳೆಯ ಕ್ಷಯ ಇವುಗಳ ಬಾಗಿಲು ತೆರೆದಂತೆ. ಇಂಥ ಹಟಮಾರಿ ರೋಗಿಗಳಿಗೆ ಏನು ಕೊಡಬೇಕೆಂದು ಹುಡುಕುತ್ತ ಹೋದ ವೈದ್ಯರ ಕೈಗೆ ಸಿಕ್ಕಿದ ಹಲವು ಮದ್ದುಗಳಲ್ಲಿ ಒಂದು ಹೈಡ್ರಾಕ್ಸಿಕ್ಲೋರೋಕ್ವಿನ್.

2

ಈ ಮದ್ದಿನ ವಂಶಾವಳಿಯು ದಕ್ಷಿಣ ಅಮೆರಿಕದ ಸಿಂಕೋನಾ ಮರದ ತೊಗಟೆಯಿಂದ ಆರಂಭವಾಗುತ್ತದೆ. 1820ರಲ್ಲಿ ಪೆಲೆಟ್ಯೇ ಮತ್ತು ಕವಾಂತೂ ಎಂಬ ಇಬ್ಬರು ಫ್ರೆಂಚ್ ರಸಾಯನಜ್ಞರು ಆ ತೊಗಟೆಯಿಂದ ಕ್ವಿನೈನನ್ನು ಬೇರ್ಪಡಿಸಿದರು. ನೀಲಗಿರಿಯ ಇಳಿಜಾರುಗಳಲ್ಲಿ ಸಿಂಕೋನಾ ಬೆಳೆಸಿದ್ದು ಅದೇ ಶತಮಾನದ ಉತ್ತರಾರ್ಧದಲ್ಲಿ. ಈ ಕಹಿಪುಡಿಯು ಜ್ವರವನ್ನಲ್ಲದೆ ಬೇರೆಯದನ್ನೂ ಮುಟ್ಟಬಲ್ಲದೆಂಬ ಮೊದಲ ಸೂಚನೆ ದೊರೆತದ್ದು 1894ರಲ್ಲಿ. ಲಂಡನ್ನಿನ ಪೇನ್ ಎಂಬ ವೈದ್ಯನು ಲೂಪಸ್ ಎಂಬ ಚರ್ಮದ ಉರಿಯೂತಕ್ಕೆ ಕ್ವಿನೈನ್ ಕೊಟ್ಟು ಗುಣ ಕಂಡನೆಂದು ವರದಿಮಾಡಿದನು.

ಅಷ್ಟರಲ್ಲಿ ಚಳಿಜ್ವರವು ನಮ್ಮ ಕಡೆಯಲ್ಲಿ ಸಂಸ್ಥಾನದ ಸಮಸ್ಯೆಯೇ ಆಗಿತ್ತು. ಶಿರಾಕ್ಕೆ ಆನಿಕೊಂಡಿರುವ ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ವಾಣೀವಿಲಾಸ ಸಾಗರವು ಬರಡುನೆಲಕ್ಕೆ ನೀರನ್ನು ತಂದಿತು. ನಾಲೆಯ ನೀರು ನಿಂತಲ್ಲೆಲ್ಲ ಸೊಳ್ಳೆಯೂ ನಿಂತಿತು. 1920ರ ದಶಕದ ಕೊನೆಯಲ್ಲಿ ಮೈಸೂರು ಸರ್ಕಾರವು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಸಂಶೋಧನೆಯನ್ನು ಕೈಗೊಂಡಾಗ, ಅದಕ್ಕಾಗಿ ಆರಿಸಿಕೊಂಡ ಕ್ಷೇತ್ರಗಳಲ್ಲಿ ಮೂಡಿಗೆರೆ ಮತ್ತು ನಾಗೇನಹಳ್ಳಿಗಳ ಜೊತೆಗೆ ಹಿರಿಯೂರೂ ಒಂದಾಯಿತು. ಹೊಟ್ಟೆಯ ಎಡಮಗ್ಗುಲಲ್ಲಿ ಗೆಡ್ಡೆ ಕಟ್ಟಿದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಗುಲ್ಮವು ಎಷ್ಟು ಬೆರಳು ಬೆಳೆದಿದೆಯೆಂದು ಮುಟ್ಟಿನೋಡಿ, ಊರಿನ ರೋಗವನ್ನು ಅಳೆಯುತ್ತಿದ್ದ ಕಾಲ ಅದು.

1934ರಲ್ಲಿ ಜರ್ಮನಿಯ ಬೇಯರ್ ಕಂಪೆನಿಯಲ್ಲಿದ್ದ ಹಾನ್ಸ್ ಆಂಡರ್‌ಸಾಗ್ ಎಂಬವನು ಕ್ಲೋರೋಕ್ವಿನನ್ನು ಸಂಯೋಜಿಸಿದನು. ಅದು ಮನುಷ್ಯರಿಗೆ ವಿಷವೆಂದು ತಪ್ಪಾಗಿ ಎಣಿಸಿ ಮೂಲೆಗಿಟ್ಟರು. ಯುದ್ಧ ಬಂದು, ಕ್ವಿನೈನಿನ ಕಣಜವಾಗಿದ್ದ ಜಾವಾ ದ್ವೀಪವು 1942ರಲ್ಲಿ ಜಪಾನಿನ ವಶವಾದ ಮೇಲೆ, ಮಿತ್ರರಾಷ್ಟ್ರಗಳ ಸೈನಿಕರು ಮೆಪಾಕ್ರಿನ್ ಎಂಬ ಹಳದಿ ಮಾತ್ರೆಯನ್ನು ದಿನವೂ ನುಂಗಬೇಕಾಯಿತು. ಇಲ್ಲಿಯೇ ನಮ್ಮ ಕಥೆಯ ವಿಚಿತ್ರವಾದ ತಿರುವು ಇರುವುದು. ಶಾಂತಸಾಗರದ ದ್ವೀಪಗಳಲ್ಲಿ ಆ ಮಾತ್ರೆಯನ್ನು ಸೇವಿಸಿದ ಕೆಲವು ಸೈನಿಕರಿಗೆ ಲೈಕನ್ ಪ್ಲೇನಸ್ಸನ್ನೇ ಹೋಲುವ ಗಂಧೆಗಳು ಎದ್ದವು. ಅದೇ ಮೆಪಾಕ್ರಿನಿನಿಂದ ಲೂಪಸ್ ರೋಗಿಗಳು ಸುಧಾರಿಸಿದರೆಂದು ಪೇಜ್ ಎಂಬ ವೈದ್ಯನು 1951ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದನು. ಒಂದೇ ಕುಲದ ಔಷಧವು ಒಬ್ಬನಲ್ಲಿ ಹುಟ್ಟಿಸಿದ ವಿಕಾರವನ್ನೇ ಇನ್ನೊಬ್ಬನಲ್ಲಿ ಶಮನಗೊಳಿಸಬಲ್ಲದೆಂಬ ಈ ಸಂಗತಿಯನ್ನು, ಹಳೆಯ ಮದ್ದನ್ನು ಹೊಸ ಬೇನೆಗೆ ಕೊಡುವ ವೈದ್ಯನು ಎಂದೂ ಮರೆಯಕೂಡದು. 1946ರಲ್ಲಿ ಸಂಯೋಜಿತವಾಗಿ, 1955ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಅನುಮತಿ ಪಡೆದ ಹೈಡ್ರಾಕ್ಸಿಕ್ಲೋರೋಕ್ವಿನ್, ಕ್ಲೋರೋಕ್ವಿನಿಗಿಂತ ಸೌಮ್ಯವಾದುದರಿಂದ, ಕೀಲುವಾತ ಮತ್ತು ಲೂಪಸ್ ರೋಗಿಗಳ ನಿತ್ಯದ ಮಾತ್ರೆಯಾಗಿ ನೆಲೆನಿಂತಿತು.

3

ಚಳಿಜ್ವರದ ಸೂಕ್ಷ್ಮಜೀವಿಯನ್ನು ಕೊಲ್ಲುವ ವಸ್ತುವು, ಸೂಕ್ಷ್ಮಜೀವಿಯೇ ಕಾರಣವಲ್ಲದ ಬಾಯಿಹುಣ್ಣನ್ನು ಹೇಗೆ ತಣಿಸುತ್ತದೆಯೆಂದು ಕೇಳುವುದು ನ್ಯಾಯವಾಗಿಯೇ ಇದೆ. ಉತ್ತರವಿರುವುದು ಈ ಕುಲದ ಒಂದೇ ಒಂದು ರಾಸಾಯನಿಕ ಗುಣದಲ್ಲಿ. ಇದು ದುರ್ಬಲವಾದ ಪ್ರತ್ಯಾಮ್ಲ. ಆಮ್ಲವಿದ್ದ ಕೋಣೆಯೊಳಗೆ ಸುಲಭವಾಗಿ ನುಗ್ಗುತ್ತದೆ, ನುಗ್ಗಿದ ಮೇಲೆ ಹೊರಬರಲಾರದೆ ಅಲ್ಲಿಯೇ ಶೇಖರವಾಗುತ್ತದೆ. ಮಲೇರಿಯಾದ ಜೀವಿಯು ನಮ್ಮ ರಕ್ತದ ಹಿಮೋಗ್ಲೋಬಿನನ್ನು ತಿಂದು ಅರಗಿಸಿಕೊಳ್ಳುವುದು ಅಂಥದೊಂದು ಆಮ್ಲಕೋಣೆಯಲ್ಲಿ. ಅಲ್ಲಿ ಉಳಿಯುವ ವಿಷಪದಾರ್ಥವನ್ನು ಅದು ಹರಳುಗಟ್ಟಿಸಿ ನಿರಪಾಯಗೊಳಿಸುತ್ತದೆ. ಔಷಧವು ಈ ಹರಳುಗಟ್ಟುವ ಕ್ರಿಯೆಯನ್ನೇ ತಡೆಯುವುದರಿಂದ ಜೀವಿಯು ತಾನು ಉಂಡದ್ದರಿಂದಲೇ ಸಾಯುತ್ತದೆ.

ನಮ್ಮ ಜೀವಕೋಶಗಳಲ್ಲಿಯೂ ಲೈಸೊಸೋಮ್ ಎಂಬ ಇಂಥದೇ ಆಮ್ಲಕೋಣೆಗಳುಂಟು. ಹೊರಗಿನ ವಸ್ತುವನ್ನು ಅಲ್ಲಿ ಚೂರುಮಾಡಿ, ಆ ಚೂರನ್ನು ಎತ್ತಿ ತೋರಿಸಿ, ಇದು ಶತ್ರುವೆಂದು ರಕ್ಷಕ ಕಣಗಳಿಗೆ ಸಾರುವುದು ಕೆಲವು ಜೀವಕೋಶಗಳ ಉದ್ಯೋಗ. ಔಷಧವು ಸೇರಿಕೊಂಡು ಆಮ್ಲತೆ ಕುಗ್ಗಿದಾಗ ಈ ಡಂಗುರದ ಸದ್ದು ಕುಗ್ಗುತ್ತದೆ. ಉರಿಯೂತವನ್ನು ಕೆರಳಿಸುವ ದ್ರವ್ಯಗಳ ಉತ್ಪತ್ತಿ ಇಳಿಯುತ್ತದೆ. ಲೋಳೆಪೊರೆಯ ಮೇಲಿನ ದಾಳಿ ಸಡಿಲವಾಗುತ್ತದೆ. ಕೆಲಸವು ನಿಧಾನ. ಚಳಿಜ್ವರವನ್ನು ಮೂರು ದಿನಗಳಲ್ಲಿ ಇಳಿಸುವ ಕುಲದ ಮಾತ್ರೆಯೇ ಬಾಯಿಯಲ್ಲಿ ಫಲ ತೋರಿಸಲು ತಿಂಗಳುಗಳನ್ನು ಬೇಡುವುದರಿಂದ, ಎರಡು ವಾರ ನುಂಗಿ ಗುಣವಿಲ್ಲವೆಂದು ಬಿಟ್ಟವರು ಔಷಧವನ್ನು ಪರೀಕ್ಷಿಸಿದಂತೆಯೇ ಆಗುವುದಿಲ್ಲ.

ಬಾಯಿಯ ಲೈಕನ್ ಪ್ಲೇನಸ್ಸಿಗೆ ಇದನ್ನು ಕ್ರಮವಾಗಿ ಕೊಟ್ಟು ನೋಡಿದವರಲ್ಲಿ ಮೊದಲಿಗನಾಗಿ ಎಣಿಸಬೇಕಾದವನು ಅಮೆರಿಕದ ಡ್ರೋರ್ ಐಸೆನ್. 1993ರಲ್ಲಿ ಪ್ರಕಟವಾದ ಅವನ ವರದಿಯಂತೆ 10 ಮಂದಿ ರೋಗಿಗಳಿಗೆ ದಿನಕ್ಕೆ 200ರಿಂದ 400 ಮಿಲಿಗ್ರಾಮಿನಂತೆ ಆರು ತಿಂಗಳು ಕೊಡಲಾಗಿ, 9 ಮಂದಿ ಚೆನ್ನಾಗಿ ಗುಣಹೊಂದಿದರು. ನೋವೂ ಕೆಂಪೂ ಒಂದೆರಡು ತಿಂಗಳಲ್ಲಿ ತಗ್ಗಿದವು, ಹುಣ್ಣು ಮಾಸಲು ಮೂರರಿಂದ ಆರು ತಿಂಗಳು ಹಿಡಿದವು. ಆಶಾದಾಯಕವಾದ ಫಲವೇ ಸರಿ. ಆದರೆ ಹತ್ತು ಮಂದಿ ಮಾತ್ರ; ಔಷಧವಿಲ್ಲದ ಮಾತ್ರೆಯನ್ನು ಕೊಟ್ಟು ಹೋಲಿಸಿ ನೋಡುವ ಇನ್ನೊಂದು ಪಂಗಡವಿಲ್ಲ; ರೋಗವೋ ತಾನಾಗಿಯೇ ಏರಿಳಿಯುವ ಸ್ವಭಾವದ್ದು. ಅಲ್ಲಿಂದೀಚೆಗೆ ಹಲವು ಕಡೆ, ನಮ್ಮ ದೇಶದಲ್ಲಿಯೂ, ಪರೀಕ್ಷೆಗಳು ನಡೆದಿವೆಯಾದರೂ ಬಹುಪಾಲು ಸಣ್ಣವು. ಆದುದರಿಂದ ಇದನ್ನು ಮೊದಲ ಮದ್ದೆಂದು ಸಾರದೆ, ಲೇಪಕ್ಕೆ ಬಗ್ಗದ ರೋಗಕ್ಕೆ ಯೋಗ್ಯವಾದ ಎರಡನೆಯ ಮದ್ದೆಂದು ಹೇಳುವುದು ಇಂದಿನ ಜ್ಞಾನಕ್ಕೆ ಸಮ್ಮತವಾದ ಮಾತು.

ಸಾಕ್ಷ್ಯದ ತೂಕವನ್ನು ನೋಡದೆ ಹಳೆಯ ಮದ್ದಿಗೆ ಹೊಸ ಪಟ್ಟ ಕಟ್ಟಿದರೆ ಏನಾಗುತ್ತದೆಂಬುದನ್ನು ಇದೇ ಮಾತ್ರೆಯ ವಿಷಯದಲ್ಲಿ ನಾವೆಲ್ಲ ಕಂಡಿದ್ದೇವೆ. 2020ರ ಮಾರ್ಚಿನಲ್ಲಿ ಕೋವಿಡ್ಡಿಗೆ ಇದು ರಾಮಬಾಣವೆಂಬ ಸುದ್ದಿ ಹಬ್ಬಿ, ಜನ ಅಂಗಡಿಗಳಿಗೆ ಮುಗಿಬಿದ್ದು, ಸರ್ಕಾರವು ರಫ್ತನ್ನು ನಿಷೇಧಿಸಿ ಚೀಟಿಯಿಲ್ಲದೆ ಮಾರಕೂಡದೆಂದು ಕಟ್ಟುಮಾಡಬೇಕಾಯಿತು. ವರ್ಷಗಳಿಂದ ಇದನ್ನೇ ನೆಚ್ಚಿದ್ದ ಕೀಲುವಾತದವರೂ ಲೂಪಸ್ಸಿನವರೂ ಮಾತ್ರೆಗಾಗಿ ಅಲೆದರು. ಅದೇ ವರ್ಷದ ಜೂನಿನಲ್ಲಿ, ನಾಲ್ಕು ಸಾವಿರಕ್ಕೂ ಮಿಕ್ಕ ರೋಗಿಗಳನ್ನು ಹೋಲಿಸಿ ನೋಡಿದ ಬ್ರಿಟನ್ನಿನ ಪರೀಕ್ಷೆಯು, ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಿಗೆ ಇದರಿಂದ ಪ್ರಯೋಜನವಿಲ್ಲವೆಂದು ತೀರ್ಮಾನಿಸಿತು. ಬಾಯಿಯ ರೋಗದಲ್ಲಿ ಇದು ಉಪಯುಕ್ತವಾಗಿರಬಹುದೆಂಬುದೂ, ಕೋವಿಡ್ಡಿನಲ್ಲಿ ನಿರುಪಯುಕ್ತವೆಂಬುದೂ ಏಕಕಾಲದಲ್ಲಿ ಸತ್ಯವಾಗಿರಲು ಅಡ್ಡಿಯಿಲ್ಲ. ಪ್ರತಿಯೊಂದು ಹೊಸ ಬೇನೆಯ ಮುಂದೆ ಹಳೆಯ ಮದ್ದು ಹೊಸದಾಗಿ ಪರೀಕ್ಷೆಗೆ ಕುಳಿತುಕೊಳ್ಳಬೇಕು.

4

ಹಳೆಯ ಮದ್ದಿನ ದೊಡ್ಡ ಉಪಕಾರವೆಂದರೆ ಅದರ ಅಪಾಯಗಳು ಮೊದಲೇ ತಿಳಿದಿರುವುದು. ತಿಳಿದ ಅಪಾಯವನ್ನು ಕಾಯದಿದ್ದರೆ ಆ ಉಪಕಾರವೂ ವ್ಯರ್ಥ. ಹೈಡ್ರಾಕ್ಸಿಕ್ಲೋರೋಕ್ವಿನ್ ಬಹುವರ್ಷಗಳ ಸೇವನೆಯಿಂದ ಕಣ್ಣಿನ ಅಕ್ಷಿಪಟಲಕ್ಕೆ ಹಾನಿಮಾಡಬಲ್ಲದು, ಆದ ಹಾನಿ ಮರಳಿ ಸರಿಹೋಗದು. ಅಮೆರಿಕದ ನೇತ್ರವೈದ್ಯರ ಅಕಾಡೆಮಿಯು 2016ರಲ್ಲಿ ಹೇಳಿರುವಂತೆ, ದಿನದ ಪ್ರಮಾಣವು ದೇಹತೂಕದ ಪ್ರತಿ ಕಿಲೋಗ್ರಾಮಿಗೆ 5 ಮಿಲಿಗ್ರಾಮನ್ನು ಮೀರದಿದ್ದರೆ ಮೊದಲ ಐದು ವರ್ಷಗಳಲ್ಲಿ ಹಾನಿಯ ಸಂಭವ ನೂರಕ್ಕೆ ಒಂದಕ್ಕಿಂತ ಕಡಮೆ. ಇಪ್ಪತ್ತು ವರ್ಷ ದಾಟಿದರೆ ಅದು ನೂರಕ್ಕೆ ಇಪ್ಪತ್ತರ ಹತ್ತಿರಕ್ಕೆ ಏರುತ್ತದೆ. ಆರಂಭದ ವರ್ಷದೊಳಗೆ ಒಮ್ಮೆ, ಐದು ವರ್ಷಗಳ ಮೇಲೆ ವರ್ಷಕ್ಕೊಮ್ಮೆ ಕಣ್ಣನ್ನು ಪರೀಕ್ಷಿಸಬೇಕು; ಮೂತ್ರಪಿಂಡ ಕುಂದಿದವರಲ್ಲಿ ಇನ್ನೂ ಮುಂಚಿನಿಂದಲೇ ಜಾಗರೂಕರಾಗಿರಬೇಕು. ಕೂಲಿಮಾಡಿ ಸೊರಗಿದ 40 ಕಿಲೋ ತೂಕದ ಹೆಣ್ಣುಮಗಳಿಗೆ ದಿನಕ್ಕೆ 400 ಮಿಲಿಗ್ರಾಮು ಬರೆದುಕೊಡುವುದು ಮಿತಿಯನ್ನು ಇಮ್ಮಡಿಯಾಗಿ ಮೀರಿದಂತೆಂಬುದನ್ನು ಲೆಕ್ಕಹಾಕಲು ತಕ್ಕಡಿಯೊಂದು ಸಾಕು. ಸಕ್ಕರೆ ರೋಗಕ್ಕೆ ಮದ್ದು ಸೇವಿಸುವವರಲ್ಲಿ ಸಕ್ಕರೆ ಹಠಾತ್ತನೆ ಕುಸಿಯಬಹುದು. ಹೃದಯದ ಲಯ ತಪ್ಪಬಹುದು. ಅಂಗುಳಿನಲ್ಲಿಯೇ ನೀಲಿಬೂದಿ ಬಣ್ಣ ಕಟ್ಟಬಹುದು. ಮಕ್ಕಳ ಕೈಗೆ ಸಿಕ್ಕಿದರೆ ಕೆಲವೇ ಮಾತ್ರೆಗಳು ಪ್ರಾಣಾಂತಿಕ.

ಇದಕ್ಕಿಂತಲೂ ಮೊದಲು ಕೇಳಬೇಕಾದ ಪ್ರಶ್ನೆ, ಬಾಯಿಯಲ್ಲಿರುವುದು ನಿಜವಾಗಿ ಯಾವ ರೋಗವೆಂಬುದು. ಕೊರಟಗೆರೆಯ ತೋಟಗಳಲ್ಲಿ ಅಡಿಕೆ ಬೆಳೆಯುತ್ತದೆ. ನಾಲ್ಕು ತಾಲ್ಲೂಕುಗಳ ಬಾಯಿಗಳಲ್ಲಿಯೂ ಅದು ಸುಣ್ಣ ಮತ್ತು ಹೊಗೆಸೊಪ್ಪಿನೊಡನೆ ಕೂಡುತ್ತದೆ. ಎಲೆಅಡಿಕೆಯ ಉಂಡೆಯನ್ನು ದವಡೆಯ ಒಂದೇ ಕಡೆ ಇಟ್ಟುಕೊಳ್ಳುವವರಲ್ಲಿ, ಅದು ತಗುಲುವ ಜಾಗದಲ್ಲಿಯೇ, ಲೈಕನ್ ಪ್ಲೇನಸ್ಸಿನಂತೆ ಕಾಣುವ ಗೆರೆಗಳು ಮೂಡುವುದನ್ನು ಭಾರತದ ಸಂಶೋಧಕರು 1980ರಲ್ಲಿಯೇ ವರ್ಣಿಸಿದ್ದಾರೆ; ಅದಕ್ಕೆ ಮದ್ದು ಮಾತ್ರೆಯಲ್ಲ, ಅಭ್ಯಾಸವನ್ನು ಬಿಡುವುದು. ಕೆನ್ನೆ ಬಿಗಿದು ಬಾಯಿ ತೆರೆಯಲಾರದ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಡಿಕೆಯಿಂದಲೇ ಬರುವ ಬೇರೊಂದು ರೋಗ. 1953ರಲ್ಲಿ ಮುಂಬಯಿಯ ಜೋಶಿಯವರು ಅದನ್ನು ನಮ್ಮ ದೇಶದಲ್ಲಿ ವರ್ಣಿಸಿದರು. ರಕ್ತದೊತ್ತಡದ ಕೆಲವು ಮಾತ್ರೆಗಳೂ ನೋವಿನ ಮಾತ್ರೆಗಳೂ ಇಂಥದೇ ಗೆರೆಗಳನ್ನು ಹುಟ್ಟಿಸಬಲ್ಲವು. ಇವೆಲ್ಲವನ್ನೂ ಬೇರ್ಪಡಿಸಲು, ಅದಕ್ಕಿಂತ ಮುಖ್ಯವಾಗಿ ಒಳಗೆ ಕ್ಯಾನ್ಸರ್ ಅಡಗಿಲ್ಲವೆಂದು ತಿಳಿಯಲು, ಕೆನ್ನೆಯ ಒಂದು ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಬಯಾಪ್ಸಿ ಬೇಕು. ಚೂರು ತೆಗೆದರೆ ರೋಗ ಹರಡುತ್ತದೆಂಬ ಜನರ ಭೀತಿಗೆ ಆಧಾರವಿಲ್ಲ.

5

ಈಗ ನನ್ನ ಮುಖ್ಯ ವಿಚಾರಕ್ಕೆ ಬರುತ್ತೇನೆ. ಚಳಿಜ್ವರದ ಕಾಲದಿಂದ ನಾವು ಮಾತ್ರೆಯೊಂದನ್ನೇ ಎರವಲು ತಂದರೆ ಅರ್ಧವನ್ನು ಮಾತ್ರ ತಂದಂತೆ. ಆ ಮಾತ್ರೆಯೊಡನೆ ಒಂದು ಶಿಸ್ತೂ ಇತ್ತು. 1953ಕ್ಕೆ ಮುಂಚೆ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನ ಮಲೇರಿಯಾದಿಂದ ನರಳಿ 8 ಲಕ್ಷ ಜನ ಸಾಯುತ್ತಿದ್ದರೆಂದು ಅಂದಾಜು. ಆ ವರ್ಷ ನಿಯಂತ್ರಣದ, 1958ರಲ್ಲಿ ನಿರ್ಮೂಲನದ ಕಾರ್ಯಕ್ರಮ ಆರಂಭವಾಗಿ, 1965ರ ವೇಳೆಗೆ ರೋಗಿಗಳ ಸಂಖ್ಯೆ ಒಂದು ಲಕ್ಷಕ್ಕೆ ಇಳಿಯಿತು. ಸಿಂಪಡಿಸಿದ ಡಿಡಿಟಿಯೂ ನುಂಗಿಸಿದ ಕ್ಲೋರೋಕ್ವಿನೂ ಅದಕ್ಕೆ ಕಾರಣವೆಂಬುದು ಸರಿಯೆ. ಆದರೆ ಹದಿನೈದು ದಿನಕ್ಕೊಮ್ಮೆ ಮನೆಯ ಬಾಗಿಲಿಗೆ ಬಂದು, ಜ್ವರ ಬಂದವರುಂಟೆ ಎಂದು ಕೇಳಿ, ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತಲೇಪ ತೆಗೆದುಕೊಂಡು, ಬಂದ ತಾರೀಖನ್ನು ಗೋಡೆಯ ಮೇಲೆ ಗುರುತುಮಾಡಿ ಹೋಗುತ್ತಿದ್ದ ಕಾರ್ಯಕರ್ತನಿಲ್ಲದೆ ಅವೆರಡೂ ಹಳ್ಳಿಯನ್ನು ತಲಪುತ್ತಿರಲಿಲ್ಲ. ಎಚ್ಚರ ಸಡಿಲಿದೊಡನೆ ರೋಗವು ಮರಳಿ, 1976ರಲ್ಲಿ ರೋಗಿಗಳು 64 ಲಕ್ಷವನ್ನು ಮೀರಿದರು. ಮನೆಗೆ ಹೋಗಿ ಹುಡುಕುವುದು, ಪರೀಕ್ಷೆಯ ಗುರುತನ್ನು ದಾಖಲಿಸುವುದು, ಮತ್ತೆ ಹೋಗಿ ನೋಡುವುದು ಎಂಬ ಈ ಮೂರು ಕೆಲಸಗಳನ್ನು ಬಾಯಿಯ ರೋಗಕ್ಕೂ ಒಗ್ಗಿಸಿಕೊಳ್ಳಬೇಕೆಂಬುದೇ ನನ್ನ ನಿವೇದನೆ.

ಇದಕ್ಕೆ ಹೊಸ ಇಲಾಖೆ ಬೇಕಾಗಿಲ್ಲ. 30 ವರ್ಷ ದಾಟಿದವರ ತಪಾಸಣೆಗಾಗಿ ಆಶಾ ಕಾರ್ಯಕರ್ತೆಯರು ತುಂಬುವ ನಮೂನೆಯಲ್ಲಿ, ಎರಡು ವಾರವಾದರೂ ಮಾಸದ ಹುಣ್ಣು ಬಾಯಿಯಲ್ಲಿದೆಯೆ, ಬಾಯಿ ತೆರೆಯುವುದು ಕಷ್ಟವೆ, ಎಂಬ ಪ್ರಶ್ನೆಗಳು ಈಗಾಗಲೇ ಇವೆ. ಹೌದೆಂದವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಟಾರ್ಚು ಹಿಡಿದು ಎರಡು ಕೆನ್ನೆಗಳನ್ನೂ ನೋಡಲಿ. ಸಂದೇಹವುಳ್ಳವರು ತುಮಕೂರಿನ ಅಗಳಕೋಟೆಯಲ್ಲಿರುವ ಶ್ರೀ ಸಿದ್ಧಾರ್ಥ ದಂತ ವೈದ್ಯಕೀಯ ಕಾಲೇಜಿಗೋ ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿಗೋ ಹೋಗಿ ಬರಲಿ. ಪಾವಗಡದಲ್ಲಿ ಸ್ವಾಮಿ ಜಪಾನಂದರ ನೇತೃತ್ವದಲ್ಲಿ ಬಡವರ ಕಣ್ಣಿಗೆ ಸೇವೆ ಸಲ್ಲಿಸುತ್ತಿರುವ ಶಾರದಾದೇವಿ ಕಣ್ಣಿನ ಆಸ್ಪತ್ರೆಯಿದೆ. ಇಂಥ ನೇತ್ರಾಲಯಗಳೊಡನೆ ಬಾಯಿಯ ವೈದ್ಯರು ಸಂಪರ್ಕವಿಟ್ಟುಕೊಂಡರೆ ಮಾತ್ರೆ ನುಂಗುವವರ ಕಣ್ಣಿನ ಕಾವಲು ಹತ್ತಿರದಲ್ಲಿಯೇ ಸಾಧ್ಯವಾದೀತು.

ಹೊಸದಾಗಿ ಕಂಡುಹಿಡಿದ ದುಬಾರಿ ಔಷಧಗಳು ನಮ್ಮ ಕಾಲದಲ್ಲಿ ಈ ಹಳ್ಳಿಗಳಿಗೆ ಬಾರವು. ಕೆಲವೇ ರೂಪಾಯಿಗೆ ದೊರೆಯುವ, ಎಪ್ಪತ್ತು ವರ್ಷಗಳಿಂದ ಗುಣದೋಷಗಳು ತಿಳಿದಿರುವ ಮಾತ್ರೆಯೊಂದು ಇಲ್ಲಿಯ ಬಡವರಿಗೆ ಒದಗುವುದಾದರೆ ಅದು ಭಾಗ್ಯವೇ ಸರಿ. ಆದರೆ ಬಯಾಪ್ಸಿಯಿಲ್ಲದೆ, ತೂಕ ನೋಡದೆ, ಕಣ್ಣು ಕಾಯದೆ ಕೊಟ್ಟರೆ ಅದೇ ಮಾತ್ರೆ ಕೇಡಾಗುತ್ತದೆ. ಪಾವಗಡದಿಂದ ತುಮಕೂರಿಗೆ ಸುಮಾರು ನೂರು ಕಿಲೋಮೀಟರು. ಬಡ ಹೆಂಗಸು ಒಂದು ದಿನದ ಕೂಲಿಯನ್ನೂ ಬಸ್ಸಿನ ಹಣವನ್ನೂ ಕಳೆದುಕೊಂಡು ಬಾಯಿಹುಣ್ಣಿಗಾಗಿ ಅಲ್ಲಿಗೆ ಹೋಗಲಾರಳು. ಉಪನ್ಯಾಸಗಳಿಗೆ ದತ್ತಿಯಿಡುವ ಔದಾರ್ಯವುಳ್ಳ ಈ ಸೀಮೆಯ ದಾನಿಗಳು ಅಂಥವರ ಪ್ರಯಾಣಕ್ಕೂ ಪರೀಕ್ಷೆಗೂ ಒಂದು ದತ್ತಿಯನ್ನಿಡಬೇಕೆಂದು ಈ ವೇದಿಕೆಯಿಂದ ಬೇಡಿಕೊಳ್ಳುತ್ತೇನೆ. ವೈದ್ಯಮಿತ್ರರಲ್ಲಿ ನನ್ನ ಬೇಡಿಕೆ ಇನ್ನೂ ಚಿಕ್ಕದು: ನಾಳೆಯಿಂದ ನಿಮ್ಮ ಮುಂದೆ ಬಾಯಿ ತೆರೆದವರ ಹಲ್ಲನ್ನು ನೋಡಿದ ಮೇಲೆ ಕೆನ್ನೆಯ ಒಳಮೈಯನ್ನೂ ನೋಡಿ, ಎರಡು ವಾರವಾದರೂ ಮಾಸದ ಹುಣ್ಣನ್ನು ಉಷ್ಣವೆಂದು ಹೇಳಿ ಮನೆಗೆ ಕಳುಹಿಸಬೇಡಿ.